ಮೊದಲು ನೀರಿನ ಲೆಕ್ಕ, ಆಮೇಲೆ ಅತಿಥಿ: ಕೊಡಗಿನ ಊರುಗಳು ಕೂಡಿ ಪ್ರವಾಸೋದ್ಯಮ ನಡೆಸುವ ಬಗೆ

ಪ್ರವಾಸೋದ್ಯಮದ ಮಾತು ನಮ್ಮ ಗ್ರಾಮಸಭೆಗಳಲ್ಲಿ ಬರುವುದು ಕಾರ್ಯಸೂಚಿಯ ಕೊನೆಯ ಸಾಲಿನಲ್ಲಿ, ‘ಅಧ್ಯಕ್ಷರ ಅಪ್ಪಣೆ ಪಡೆದು ಇತರೆ ವಿಷಯಗಳು’ ಎಂಬಲ್ಲಿ. ಅಷ್ಟು ಹೊತ್ತಿಗೆ ಊಟದ ಸಮಯವಾಗಿರುತ್ತದೆ. ಹಿಂದಿನ ಸಾಲಿನ ಕುರ್ಚಿಗಳು ಖಾಲಿಯಾಗಿರುತ್ತವೆ. ಒಬ್ಬರು ಎದ್ದು ನಿಂತು, ರಸ್ತೆ ಸರಿಯಿಲ್ಲದೆ ಅತಿಥಿಗಳು ಬರುತ್ತಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಅತಿಥಿಗಳು ಬಂದೇ ರಸ್ತೆ ಹಾಳಾಯಿತು ಎನ್ನುತ್ತಾರೆ. ಇಬ್ಬರ ಮಾತೂ ನಡಾವಳಿ ಪುಸ್ತಕ ಸೇರದೆ ಸಭೆ ಮುಗಿಯುತ್ತದೆ.

ಆ ವಿಷಯವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ತರುವುದು ಹೇಗೆ ಎಂದು ಹೇಳಲು ಈ ಲೇಖನ. ಹೋಂಸ್ಟೇ ನಡೆಸುವವರು, ಪಂಚಾಯತಿ ಸದಸ್ಯರು, ಜೀಪು ಓಡಿಸುವವರು ಓದಲಿ. ಮನೆಗೆ ಒಬ್ಬ ಅತಿಥಿಯೂ ಬರದಿದ್ದರೂ ಪ್ರತಿ ಶನಿವಾರ ಗೇಟಿನ ಮುಂದೆ ಕಾರುಗಳ ಸಾಲು ನೋಡುವವರಂತೂ ಓದಲೇಬೇಕು. ಹಲವು ವರ್ಷ ಇಂಥ ಸಭೆಗಳಲ್ಲಿ ಕುಳಿತ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಊರಿನ ಪ್ರವಾಸೋದ್ಯಮದ ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ನೀರಿಗೆ ಮತ್ತು ಕಸಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಅವೆರಡನ್ನು ಮೊದಲೇ ಎದುರಿಗಿಟ್ಟುಕೊಂಡು ಕೂರುವುದು ಮೇಲು.

1. ಯಾರಿಗೆ ಲಾಭ, ಯಾರಿಗೆ ಹೊರೆ ಎಂದು ಬರೆದುಕೊಳ್ಳಿ

ಒಂದು ನೋಟ್‌ಬುಕ್ ಹಿಡಿದು ಇಬ್ಬರು ಮೂವರು ಊರು ಸುತ್ತಿ. ಪ್ರತಿ ಪುಟದಲ್ಲೂ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಪ್ರವಾಸಿಗರಿಂದ ಈ ಮನೆಗೆ ಏನು ಬರುತ್ತದೆ ಎಂದು ಬರೆಯಿರಿ. ಬಲಕ್ಕೆ ಪ್ರವಾಸಿಗರಿಂದ ಈ ಮನೆ ಏನು ಹೊರುತ್ತದೆ ಎಂದು ಬರೆಯಿರಿ.

ಹೋಂಸ್ಟೇಯವರು, ರೆಸಾರ್ಟಿನವರು, ಅಂಗಡಿಯವರು, ಜೀಪಿನವರು ತಾವಾಗಿಯೇ ಸಿಗುತ್ತಾರೆ. ಸಿಗದವರನ್ನು ಹುಡುಕಿಕೊಂಡು ಹೋಗುವುದೇ ಈ ಹೆಜ್ಜೆಯ ಕೆಲಸ. ತೋಟದ ಕಾರ್ಮಿಕರು ಇರುವ ಲೈನ್ ಮನೆಗೆ ಹೋದರೆ, ವಾರಾಂತ್ಯದಲ್ಲಿ ಮನೆಯ ಹೆಣ್ಣುಮಗಳೊಬ್ಬಳು ರೆಸಾರ್ಟಿಗೆ ಪಾತ್ರೆ ತೊಳೆಯಲು ಹೋಗುತ್ತಾಳೆ ಎಂಬುದು ಎಡಕ್ಕೆ ಬರುತ್ತದೆ. ಮೇಲೆ ಪಂಪ್ ಹಾಕಿದ ದಿನ ಕೆಳಗಿನ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ಬಟ್ಟೆ ಒಗೆಯಲು ನೀರಿರುವುದಿಲ್ಲ ಎಂಬುದು ಬಲಕ್ಕೆ ಬರುತ್ತದೆ. ಹೋಂಸ್ಟೇ ಇಲ್ಲದ ಬೆಳೆಗಾರರನ್ನೂ ಬಿಡಬೇಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಕ್ರಿಸ್‌ಮಸ್, ಹೊಸ ವರ್ಷದ ಜನಜಂಗುಳಿ ಬರುತ್ತದೆ. ಹಣ್ಣು ಕೀಳುವ ಕೈಗಳನ್ನೇ ಅತಿಥಿಗಳ ಅಡುಗೆಮನೆಯೂ ಕೇಳುತ್ತದೆ, ಅದೇ ಕಿರಿದಾದ ರಸ್ತೆಯಲ್ಲಿ ಕಾಫಿ ಮೂಟೆಯ ಪಿಕಪ್ಪೂ ಪ್ರವಾಸಿಗರ ಕಾರೂ ಎದುರುಬದುರಾಗುತ್ತವೆ.

ಯರವ, ಜೇನುಕುರುಬ ಆದಿವಾಸಿಗಳ ಹಾಡಿಗಳಿಗೆ ಕೆಲಸ ಬಿಟ್ಟು ಜನ ಮನೆಗೆ ಬಂದ ಮೇಲೆ, ಸಂಜೆ ಹೋಗಿ. ಅವರನ್ನು ಪಂಚಾಯತಿ ಕಚೇರಿಗೆ ಕರೆಸಿ ಸಹಿ ಹಾಕಿಸಿಕೊಂಡರೆ ಅಭಿಪ್ರಾಯ ಸಿಗುವುದಿಲ್ಲ, ಸಹಿ ಮಾತ್ರ ಸಿಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಕಿರು ಉತ್ಪನ್ನದ ಮೇಲೆ, ಕಾಡಿನ ರಕ್ಷಣೆಯ ಮೇಲೆ ಅವರಿಗೆ ಹಕ್ಕು ಕೊಟ್ಟಿದೆ. ಕಾಡಂಚಿನಲ್ಲಿ ಚಾರಣದ ದಾರಿ, ಟೆಂಟು, ಕ್ಯಾಂಪ್‌ಫೈರ್ ಎಂದು ಯೋಚಿಸುವವರು ಮೊದಲು ಅವರ ಬಳಿ ಮಾತನಾಡಬೇಕು. ಅತಿಥಿಗಳ ಮುಂದೆ ಕುಣಿಯಲು ಹಾಡಿಯವರನ್ನು ಕರೆಸಿ ಅದನ್ನು ಸಹಭಾಗಿತ್ವ ಎಂದು ವರದಿಯಲ್ಲಿ ಬರೆಯುವುದು ತಪ್ಪು. ಈ ಮಾತನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ.

ಸುತ್ತಿ ಮುಗಿದಾಗ ಎಡಗಡೆ ಖಾಲಿ, ಬಲಗಡೆ ತುಂಬಿದ ಪುಟಗಳು ಎಷ್ಟಿವೆ ಎಂದು ಎಣಿಸಿ. ಮುಂದೆ ಊರಿನ ಪ್ರವಾಸೋದ್ಯಮ ನೋಡಿಕೊಳ್ಳಲು ಸಮಿತಿ ಮಾಡುವಾಗ ಆ ಪುಟಗಳವರಿಗೆ ಮೊದಲು ಜಾಗ ಕೊಡಿ.

2. ಯಾವ ಜಾಗ ಯಾರದು ಎಂದು ತಿಳಿದುಕೊಳ್ಳಿ

ಜನರ ಸಿಟ್ಟೆಲ್ಲ ಪಂಚಾಯತಿಯ ಮೇಲೆ ಬೀಳುತ್ತದೆ. ಆದರೆ ಜಿಲ್ಲೆಯ ಹೆಸರುವಾಸಿ ತಾಣಗಳಲ್ಲಿ ಹೆಚ್ಚಿನವು ಪಂಚಾಯತಿಯ ಕೈಯಲ್ಲಿಲ್ಲ. ಮಡಿಕೇರಿಯ ರಾಜಾಸೀಟು ತೋಟಗಾರಿಕೆ ಇಲಾಖೆಯದು. ಹಾರಂಗಿ ಜಲಾಶಯ ಕಾವೇರಿ ನೀರಾವರಿ ನಿಗಮದ್ದು. ತಲಕಾವೇರಿ, ಭಾಗಮಂಡಲದ ದೇವಾಲಯಗಳು ಮುಜರಾಯಿಗೆ ಸೇರಿದವು. ಮಾಂದಲಪಟ್ಟಿ, ತಡಿಯಂಡಮೋಳ್, ಪುಷ್ಪಗಿರಿಯ ದಾರಿಗಳು ಅರಣ್ಯ ಇಲಾಖೆಯ ಅಧೀನ. ಅಲ್ಲಿಗೆ ಹೋಗುವ ರಸ್ತೆ ಮತ್ತೊಂದು ಇಲಾಖೆಯದು. ಒಳಗಿನ ಟಿಕೆಟ್ಟಿನ ಹಣ ಇಲಾಖೆಗೆ, ಹೊರಗಿನ ಕಸ ಮಾತ್ರ ಪಂಚಾಯತಿಗೆ ಎಂಬ ದೂರು ಹುಟ್ಟುವುದು ಇಲ್ಲಿಂದಲೇ.

ನಿಮ್ಮ ವ್ಯಾಪ್ತಿಯ ಪ್ರತಿ ತಾಣಕ್ಕೂ ಜಾಗದ ಒಡೆಯರು ಯಾರು, ಟಿಕೆಟ್ ಯಾರದು, ವಾಹನ ನಿಲ್ಲಿಸುವ ಜಾಗ ಯಾರದು, ಕಸ ಎತ್ತುವವರು ಯಾರು ಎಂದು ಒಂದೊಂದು ಸಾಲು ಬರೆದಿಡಿ. ಸಾಲು ಖಾಲಿ ಉಳಿದ ಕಡೆ ಹೊಣೆ ಯಾರ ಮೇಲೂ ಇಲ್ಲ ಎಂದರ್ಥ. ಪತ್ರ ಬರೆಯಬೇಕಾದ ವಿಳಾಸವೂ ಆಗ ಸ್ಪಷ್ಟವಾಗುತ್ತದೆ.

ಇಲಾಖೆಗಳು ಮನಸ್ಸು ಮಾಡಿದರೆ ಜನದಟ್ಟಣೆಗೆ ಮಿತಿ ಹಾಕಬಹುದು. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನ ಇರುವೆಯಂತೆ ಸಾಲುಗಟ್ಟಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆ ನಂತರ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ಟನ್ನೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನೂ ತಂದಿತು. ನಿಮ್ಮೂರಿನ ಜಲಪಾತಕ್ಕೂ ಹಾಗೆ ಕೇಳಲು ಅಡ್ಡಿಯಿಲ್ಲ.

3. ಏಪ್ರಿಲ್‌ನಲ್ಲಿ ಬಕೆಟ್ ಹಿಡಿದು ತೋಡಿಗೆ ಹೋಗಿ

ಇಡೀ ಕೆಲಸದಲ್ಲಿ ಒಂದೇ ಒಂದು ಹೆಜ್ಜೆ ಇಡಲು ಸಾಧ್ಯವಿದ್ದರೆ ಇದನ್ನೇ ಇಡಿ.

ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿಯುವ ನಾಡು ನಮ್ಮದು. ಕಾವೇರಿ ಹುಟ್ಟುವ ನಾಡಿನಲ್ಲಿ ನೀರು ಎಣಿಸುವುದೇ ಎಂದು ಹಿರಿಯರು ಕೇಳುತ್ತಾರೆ. ಆದರೆ ಆ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಫೆಬ್ರವರಿ, ಮಾರ್ಚ್ ಬಂದರೆ ಕಾಫಿ ಹೂ ಅರಳಿಸಲು ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತದೆ. ಅದು ನಿಲ್ಲುವ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ, ಹೋಂಸ್ಟೇಗಳೆಲ್ಲ ಭರ್ತಿ. ತೋಡು ಸಣಕಲಾಗುವ ತಿಂಗಳಲ್ಲೇ ಅದರ ಮೇಲೆ ಹೆಚ್ಚು ಪಂಪುಗಳು ಕೂರುತ್ತವೆ.

ಅಳತೆ ಸುಲಭ. ಬೆಳಿಗ್ಗೆ ಬೇಗ, ಯಾರೂ ಪಂಪ್ ಹಾಕುವ ಮೊದಲು ಹೋಗಿ. ತೋಡಿಗೆ ಕಲ್ಲು ಮಣ್ಣಿನಿಂದ ಚಿಕ್ಕ ಅಡ್ಡಗಟ್ಟೆ ಹಾಕಿ, ನೀರೆಲ್ಲ ಒಂದು ಪೈಪಿನ ಮೂಲಕ ಬರುವಂತೆ ಮಾಡಿ. 20 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಮೊಬೈಲಿನಲ್ಲಿ ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮುಗಿದ ಮೇಲೆ ಅಡ್ಡಗಟ್ಟೆ ಬಿಚ್ಚಲು ಮರೆಯಬೇಡಿ.

ನಮ್ಮಲ್ಲಿ ಮೊದಲ ಸಲ ಅಳೆದಾಗ ಬಕೆಟ್ ಹಿಡಿದದ್ದು ಹೈಸ್ಕೂಲಿನ ಹುಡುಗಿಯೊಬ್ಬಳು. ಸಮಯ ನೋಡಿದ್ದು ಮೇಲಿನ ರೆಸಾರ್ಟಿನ ಮ್ಯಾನೇಜರ್. ಅಷ್ಟು ವರ್ಷ ಅದೇ ನೀರನ್ನು ಟ್ಯಾಂಕಿಗೆ ಏರಿಸುತ್ತಿದ್ದರೂ ಅವರು ತೋಡಿನ ಬಳಿ ಇಳಿದು ಬಂದದ್ದು ಅಂದೇ ಮೊದಲು. ಬೂಟು ಕಳಚಿ, ಪ್ಯಾಂಟು ಮಡಚಿ, ಕುಕ್ಕರುಗಾಲಿನಲ್ಲಿ ಕುಳಿತು ಬಕೆಟ್ಟಿನ ಅಂಚನ್ನೇ ನೋಡುತ್ತಿದ್ದರು. ನೀರು ಅರ್ಧ ಬಂದಾಗ ಮೊಬೈಲಿನತ್ತ ನೋಡಿದರು, ಮತ್ತೆ ಬಕೆಟ್ಟಿನತ್ತ. ಅಂದಿನಿಂದ ಸಭೆಯಲ್ಲಿ ನೀರಿನ ಮಾತು ಬಂದಾಗ ಅವರ ದನಿ ಬದಲಾಯಿತು. ನೂರು ಮನವಿ ಪತ್ರಗಳಿಂದ ಆಗದ್ದು ಅದೊಂದು ಬೆಳಿಗ್ಗೆ ಆಯಿತು.

ಈಗ ಲೆಕ್ಕ. ಉದಾಹರಣೆಗೆ ಬಕೆಟ್ ತುಂಬಲು 40 ಸೆಕೆಂಡು ಬೇಕಾಯಿತು ಎನ್ನೋಣ. ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಆ ನೀರನ್ನು ನಂಬಿದವರು 400 ಜನ. ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ಎಂದರೆ ಊರಿಗೆ 22,000 ಲೀಟರ್ ಬೇಕು. ಉಳಿದದ್ದು 21,200. ಅದರಲ್ಲಿ ಅರ್ಧವನ್ನು ತೋಡಿಗೇ ಬಿಡಿ. ದನಕರು, ಕಾಡುಪ್ರಾಣಿ, ಕೆಳಗಿನ ಊರು ಎಲ್ಲ ಅದನ್ನು ನಂಬಿವೆ. ಮಿಕ್ಕಿದ್ದು 10,600 ಲೀಟರ್. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಎಂಬುದು ಭಾರತೀಯ ಮಾನಕದ ಲೆಕ್ಕ. ಭಾಗಿಸಿದರೆ 58 ಬರುತ್ತದೆ. ಬೇಸಿಗೆಯಲ್ಲಿ ಆ ತೋಡು ತಾಳಿಕೊಳ್ಳಬಲ್ಲ ಅತಿಥಿಗಳು 58. ಎಲ್ಲ ಹೋಂಸ್ಟೇ, ರೆಸಾರ್ಟುಗಳ ಹಾಸಿಗೆ ಕೂಡಿಸಿದಾಗ 150 ಬಂದರೆ ಸಮಸ್ಯೆಯ ಗಾತ್ರ ಎಲ್ಲರ ಕಣ್ಣಮುಂದೆ ನಿಲ್ಲುತ್ತದೆ. ಆಮೇಲೆ ಮಳೆನೀರು ಸಂಗ್ರಹ, ಬಳಸಿದ ನೀರನ್ನು ತೋಟಕ್ಕೆ ಬಿಡುವುದು, ಈಜುಕೊಳಕ್ಕೆ ಬೇಸಿಗೆಯಲ್ಲಿ ಬೀಗ ಹಾಕುವುದು ಎಲ್ಲದರ ಚರ್ಚೆಗೂ ಒಂದು ನೆಲೆ ಸಿಗುತ್ತದೆ. ಹೊಸ ರೆಸಾರ್ಟಿಗೆ ನಿರಾಕ್ಷೇಪಣಾ ಪತ್ರ ಕೇಳಿ ಅರ್ಜಿ ಬಂದಾಗಲೂ ಇದೇ ಸಂಖ್ಯೆ ಮೇಜಿನ ಮೇಲಿರಲಿ.

4. ವಾರ್ಡ್ ಸಭೆಯಿಂದ ಗ್ರಾಮಸಭೆಗೆ: ನಿರ್ಣಯ ಬರೆಸುವುದು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ದೊಡ್ಡ ಸಭೆಯಲ್ಲಿ ಬಾಯಿ ಬಿಡದವರು ವಾರ್ಡ್ ಸಭೆಯಲ್ಲಿ ಮಾತನಾಡುತ್ತಾರೆ. ನೀರಿನ ಲೆಕ್ಕವನ್ನು ಮೊದಲು ಅಲ್ಲಿ ಓದಿ.

ಗ್ರಾಮಸಭೆಗೆ ಸಾಕಷ್ಟು ಮೊದಲೇ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರವಾಸೋದ್ಯಮ ನಿರ್ವಹಣೆಯನ್ನು ಪ್ರತ್ಯೇಕ ವಿಷಯವಾಗಿ ಕಾರ್ಯಸೂಚಿಗೆ ಸೇರಿಸಲು ಕೇಳಿ. ಸ್ವೀಕೃತಿ ಪಡೆದುಕೊಳ್ಳಿ. ಅರಣ್ಯ, ಪೊಲೀಸ್, ಪ್ರವಾಸೋದ್ಯಮ, ಆರೋಗ್ಯ ಇಲಾಖೆಯವರನ್ನು ಸಭೆಗೆ ಕರೆಯುವಂತೆಯೂ ಅದೇ ಅರ್ಜಿಯಲ್ಲಿ ಬರೆಯಿರಿ.

‘ಗ್ರಾಮದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿಪಡಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ನಿರ್ಣಯದಿಂದ ಏನೂ ಆಗುವುದಿಲ್ಲ. ಯಾರು, ಏನು, ಯಾವಾಗಿನಿಂದ, ನೋಡಿಕೊಳ್ಳುವವರು ಯಾರು ಎಂಬುದು ಒಂದೇ ವಾಕ್ಯದಲ್ಲಿ ಬರಬೇಕು. ಹೀಗೆ: ‘ಫೆಬ್ರವರಿ 1ರಿಂದ ಮೇ 31ರವರೆಗೆ ತೋಡಿನಿಂದ ನೀರೆತ್ತುವ ಎಲ್ಲ ವಸತಿಗೃಹಗಳು ಬೆಳಿಗ್ಗೆ 6ರಿಂದ 9ರವರೆಗೆ ಪಂಪ್ ನಿಲ್ಲಿಸತಕ್ಕದ್ದು, ನೀರುಗಂಟಿಯು ದಿನವಹಿ ಪುಸ್ತಕದಲ್ಲಿ ದಾಖಲಿಸತಕ್ಕದ್ದು, ದಾಖಲೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದತಕ್ಕದ್ದು.’ ಭಾಷೆ ಕಚೇರಿಯದ್ದೇ ಇರಲಿ, ತೊಂದರೆಯಿಲ್ಲ. ಸಭೆ ಮುಗಿಯುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಹಣ ಬೇಕಾಗುವ ಕಾಮಗಾರಿಗಳನ್ನು ಪಂಚಾಯತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯಾದ ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಸೇರಿಸಿ. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ವರ್ಷದ ನಡುವೆ ಅನುದಾನ ಹೊಂದಿಸುವುದು ಕಷ್ಟ.

ನೋಂದಣಿಯಾಗದ ಹೋಂಸ್ಟೇಗಳ ವಿಷಯ ಈ ಸಭೆಯಲ್ಲಿ ಬಂದೇ ಬರುತ್ತದೆ. ಮನೆಯವರು ಅಲ್ಲೇ ವಾಸವಿದ್ದು ಅತಿಥಿಗಳನ್ನು ಇರಿಸಿಕೊಳ್ಳುವುದು ಹೋಂಸ್ಟೇ. ತೋಟವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟು ಕೀಲಿ ಕಾವಲುಗಾರನ ಕೈಗಿಡುವುದನ್ನು ಆ ಹೆಸರಿನಿಂದ ಕರೆಯಲಾಗದು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಎರಡು ಕೊಠಡಿ ಇಟ್ಟುಕೊಂಡ ವಿಧವೆಗೆ ಕಾಗದಪತ್ರ ಮಾಡಿಸಿಕೊಳ್ಳಲು ಆರು ತಿಂಗಳು ಕಾಲಾವಕಾಶ ಕೊಡಿ, ಅರ್ಜಿ ತುಂಬಲು ಊರಿನ ಹುಡುಗರು ಸಹಾಯ ಮಾಡಲಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ಸಲ್ಲಿಸಬೇಕು ಎಂಬುದನ್ನೂ ಹೇಳಿಕೊಡಿ. ಗೊತ್ತಿಲ್ಲದೆ ತೊಂದರೆಗೆ ಸಿಕ್ಕಿಕೊಳ್ಳುವವರು ಬಹಳ.

5. ಕಸ ಮತ್ತು ಕಾಸು

ರಜೆ ಮುಗಿದ ಸೋಮವಾರ ಒಮ್ಮೆ ಪಂಚಾಯತಿಯ ಕಸದ ಗಾಡಿ ಸ್ವಚ್ಛ ವಾಹಿನಿಯ ಜೊತೆ ಹೋಗಿ ನೋಡಿ. ಗಾಡಿ ಓಡಿಸುವವರೂ ಕಸ ಎತ್ತುವವರೂ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳು. ಗೇಟಿನ ಮುಂದೆ ಆರು ಕಪ್ಪು ಚೀಲ. ಗಂಟು ಬಿಚ್ಚಿದರೆ ಮೇಲೆ ಬಿಯರ್ ಬಾಟಲಿ, ನಡುವೆ ಕೋಳಿ ಮೂಳೆ, ಅಡಿಯಲ್ಲಿ ಮಗುವಿನ ಡೈಪರ್. ಎಲ್ಲಕ್ಕೂ ಸಾಂಬಾರು ಅಂಟಿಕೊಂಡಿರುತ್ತದೆ. ಒಣ ರಟ್ಟಿನ ಪೆಟ್ಟಿಗೆಗೆ ಗುಜರಿಯಲ್ಲಿ ಬೆಲೆಯಿದೆ. ಸಾಂಬಾರು ತಾಗಿದ ಅದೇ ರಟ್ಟನ್ನು ಯಾರೂ ಕೊಳ್ಳುವುದಿಲ್ಲ. ಅತಿಥಿಗಳ ಅಡುಗೆಮನೆಯಲ್ಲಿ ಎರಡು ಡಬ್ಬಿ ಬೇರೆ ಬೇರೆ ಇಟ್ಟಿದ್ದರೆ ಆ ಹೆಣ್ಣುಮಗಳ ಕೈ ಅದರೊಳಗೆ ಹೋಗಬೇಕಾಗಿರಲಿಲ್ಲ.

ಆದ್ದರಿಂದ ಬೇರ್ಪಡಿಸದ ಕಸ ಎತ್ತುವುದಿಲ್ಲ ಎಂದು ನಿರ್ಣಯ ಮಾಡಿ, ಅದನ್ನು ಪಾಲಿಸುವ ಅಧಿಕಾರವನ್ನು ಗಾಡಿಯವರಿಗೇ ಕೊಡಿ. ಹಸಿ ಕಸ ತೋಟದೊಳಗೇ ಗೊಬ್ಬರವಾಗಲಿ. ಕಾಫಿ ತೋಟವಿರುವವರಿಗೆ ಇದು ಕಷ್ಟವೇನಲ್ಲ. ಸೇವಾ ಶುಲ್ಕ ಮನೆಗೊಂದು, ಹೋಂಸ್ಟೇಗೊಂದು, ರೆಸಾರ್ಟಿಗೊಂದು ದರದಲ್ಲಿರಲಿ, ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ಏರಲಿ. 15ನೇ ಹಣಕಾಸು ಆಯೋಗ ಪಂಚಾಯತಿ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟಿತ್ತು. ಅದರಲ್ಲಿ ನಿಮ್ಮ ಪಂಚಾಯತಿ ಏನು ಮಾಡಿದೆ ಎಂದು ವರ್ಷದ ಲೆಕ್ಕಪತ್ರ ಪರಿಶೀಲಿಸುವ ಜಮಾಬಂದಿಯಲ್ಲಿ ಕೇಳಿ. ಒಣ ಕಸದ ಶೆಡ್ಡಿಗೆ ಒಳ್ಳೆಯ ಸೂರು ಮುಖ್ಯ, ನಮ್ಮ ಮಳೆಗೆ ತಗಡು ಸ್ವಲ್ಪ ಸೋರಿದರೂ ಮೂರು ತಿಂಗಳ ಶ್ರಮ ಕೊಳೆತುಹೋಗುತ್ತದೆ.

ಕಾಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಜಲಪಾತದ ದಾರಿಗೆ ಸರಪಳಿ ಕಟ್ಟಿ ಕಾರಿಗೆ ಇಷ್ಟು ಎಂದು ವಸೂಲಿ ಮಾಡುವುದು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಊರಿನ ಹೆಸರನ್ನೂ ಕೆಡಿಸುತ್ತದೆ. ವಾಹನ ನಿಲ್ದಾಣ, ಶೌಚಾಲಯ, ನೀರಿನಂಥ ಸೌಲಭ್ಯ ಒದಗಿಸಿದ ಕಡೆ ಪಂಚಾಯತಿ ಕಾಯ್ದೆಯ ಮಿತಿಯಲ್ಲಿ ಶುಲ್ಕ ಗೊತ್ತುಪಡಿಸಬಹುದು. ದರದ ಫಲಕ ಹಾಕಿ, ಮುದ್ರಿತ ರಸೀದಿ ಕೊಡಿ, ಹಣವನ್ನು ಪಂಚಾಯತಿ ಖಾತೆಗೇ ಕಟ್ಟಿ. ಜೀಪಿನವರ ಬಾಡಿಗೆ ದರವೂ ಅದೇ ಫಲಕದಲ್ಲಿರಲಿ, ಸರದಿಯೂ ಅಲ್ಲೇ ಬರೆದಿರಲಿ. ಹೋಂಸ್ಟೇಯಲ್ಲಿ ಒಂದು ದರ, ನಿಲ್ದಾಣದಲ್ಲಿ ಇನ್ನೊಂದು ದರ ಎಂಬ ಜಗಳ ಅರ್ಧ ಅಲ್ಲಿಗೇ ಮುಗಿಯುತ್ತದೆ.

6. ಮಳೆಗಾಲದ ಒಪ್ಪಂದ

2018ರ ಆಗಸ್ಟ್ ನೆನಪಿರುವವರಿಗೆ ಈ ಹೆಜ್ಜೆಯ ಅಗತ್ಯ ವಿವರಿಸಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಮಣ್ಣು ಕುಸಿದು ಜೀವಗಳು ಹೋದವು. ಕಾರಣ ಅತಿ ಮಳೆಯೊಂದೇ ಆಗಿರಲಿಲ್ಲ. ಕಟ್ಟಡಕ್ಕೆ, ರಸ್ತೆಗೆ ಇಳಿಜಾರನ್ನು ನೆಟ್ಟಗೆ ಕಡಿದ ಕಡೆ ಗುಡ್ಡ ತನ್ನ ಆಸರೆ ಕಳೆದುಕೊಳ್ಳುತ್ತದೆ. ಕಣಿವೆ ಚೆನ್ನಾಗಿ ಕಾಣುವ ಕೊಠಡಿಗೆ ಹೆಚ್ಚು ಬಾಡಿಗೆ ಸಿಗುವುದರಿಂದ ಕಟ್ಟಡಗಳು ಅಂಥ ಅಂಚಿಗೇ ಹೋಗಿ ಕೂರುತ್ತವೆ.

ಮೂರು ಮಾತನ್ನು ಬರೆಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಸಿಬಿ ಗುಡ್ಡ ಮುಟ್ಟಬಾರದು. ಭೂಪರಿವರ್ತನೆಯ ಆದೇಶ, ಕಟ್ಟಡ ಪರವಾನಗಿ ಕಣ್ಣಾರೆ ನೋಡದೆ ಮಣ್ಣು ತೆಗೆಯುವ ಕೆಲಸಕ್ಕೆ ಊರಿನ ಯಂತ್ರದವರು ಹೋಗಬಾರದು. ರೆಡ್ ಅಲರ್ಟ್ ಬಂದ ದಿನ ಜಲಪಾತ, ಬೆಟ್ಟದ ದಾರಿ ಮುಚ್ಚುವ ಹೊಣೆ ಯಾರದು, ಉಳಿದುಕೊಂಡ ಅತಿಥಿಗಳಿಗೆ ಹೇಳುವವರು ಯಾರು ಎಂದು ಹೆಸರು ಹಿಡಿದು ಬರೆದಿರಬೇಕು. ಪ್ರತಿ ಹೋಂಸ್ಟೇಯೂ ರಾತ್ರಿ ಎಷ್ಟು ಜನ ತಂಗಿದ್ದಾರೆ ಎಂಬುದನ್ನು ಮಳೆಗಾಲದಲ್ಲಿ ಸಂಜೆಯೊಳಗೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಿ. ಕತ್ತಲಲ್ಲಿ ಹುಡುಕಲು ಹೋಗುವವರಿಗೆ ಆ ಸಂಖ್ಯೆ ಗೊತ್ತಿರಬೇಕು. ಆನೆ ಓಡಾಡುವ ಊರಾದರೆ ಅರಣ್ಯ ಸಿಬ್ಬಂದಿಯ ಎಚ್ಚರಿಕೆಯೂ ಅದೇ ಗುಂಪಿಗೆ ಬರಲಿ.

7. ಯಾವುದನ್ನು ತೋರಿಸಬಾರದು

ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಡ್ರೋನ್ ಹಾರಿಸುವವರಿಗೆ, ಮದುವೆ ಫೋಟೊ ತೆಗೆಯುವವರಿಗೆ ಅವು ಚೆಂದದ ಹಿನ್ನೆಲೆಯಾಗಿ ಕಾಣುತ್ತವೆ. ದೇವಸ್ಥಾನ ಸಮಿತಿ, ಊರಿನ ಮುಖ್ಯಸ್ಥರಾದ ತಕ್ಕರು, ಊರಿನವರು ಕುಳಿತು ಯಾವ ಬನಕ್ಕೆ ಯಾರೂ ಹೋಗಬಾರದು, ಯಾವ ದಿನ ಹೋಗಬಾರದು ಎಂದು ತೀರ್ಮಾನಿಸಿ ಪಂಚಾಯತಿಗೆ ತಿಳಿಸಲಿ. ಐನ್‌ಮನೆಗಳ, ಅಂದರೆ ಮೂಲ ಮನೆಗಳ, ವಿಷಯ ಆಯಾ ಒಕ್ಕಕ್ಕೇ (ಕುಲದ ಕುಟುಂಬಕ್ಕೇ) ಬಿಟ್ಟದ್ದು. ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಬಹಳ ಕಡೆ ಕಾಗದದ ಮೇಲಷ್ಟೇ ಇದೆ. ದೇವರಕಾಡು, ತೋಡು, ಹಳೆಯ ಮರಗಳ ದಾಖಲೆ ಮಾಡಿಸಲು ಅದನ್ನೇ ಎಬ್ಬಿಸಿ; ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಬಲವಿದೆ.

8. ಮೂರು ತಿಂಗಳಿಗೊಮ್ಮೆ ಕೂರುವುದು

ಸಮಿತಿ ಚಿಕ್ಕದಿರಲಿ, ಹತ್ತು ಹನ್ನೆರಡು ಜನ ಸಾಕು. ಹೋಂಸ್ಟೇಯವರು ಅರ್ಧಕ್ಕಿಂತ ಹೆಚ್ಚಾಗಬಾರದು. ಲೈನ್ ಮನೆಯಿಂದ, ಹಾಡಿಯಿಂದ, ಸ್ವಚ್ಛ ವಾಹಿನಿಯಿಂದ ಒಬ್ಬೊಬ್ಬರು ಇರಲೇಬೇಕು. ಅವರ ಅರ್ಧ ದಿನದ ಕೂಲಿಯನ್ನು ಸಮಿತಿ ತುಂಬಿಕೊಡಲಿ. ಕೂಲಿ ಬಿಟ್ಟು ಸಭೆಗೆ ಬರುವಂತೆ ಯಾರನ್ನೂ ಕೇಳುವ ಹಕ್ಕು ನಮಗಿಲ್ಲ. ಪಂಚಾಯತಿಯಲ್ಲಿ ಬಗೆಹರಿಯದ್ದನ್ನು ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಹಣಾಧಿಕಾರಿಗೆ, ಹಲವು ಇಲಾಖೆಗಳಿಗೆ ಸೇರಿದ್ದನ್ನು ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿದ ಪತ್ರಕ್ಕೆ ಬೇರೆಯೇ ತೂಕವಿದೆ.

ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನೀರಿನ ಅಳತೆಗೆಂದು ಖಾಲಿ ಬಿಡಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಬಕೆಟ್ಟಿನಿಂದ ಅಳೆದು, ಆ ಸಂಖ್ಯೆಯನ್ನು ಹಿಂದಿನ ವರ್ಷದ ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ. ಬಕೆಟ್ ಹಿಡಿಯಲು ಈ ಸಲ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ.